ಅಟ್ಟದ ಮೇಲಿನ ವರ್ಷಗಳು: ಅಂಡರ್‌ಗ್ರೌಂಡ್ ರ್‍ಯಾಪರ್ ಹುಡುಗಿಯ ಕರಿಯರ್ ಹೇಗೆ ನಡೆಯುತ್ತೆ?

ಕನ್ನಡ ರ್‍ಯಾಪರ್‌ಗಳ ಹೆಸರು ಹೇಳಿ ಅಂತ ಹಾಸ್ಟೆಲ್ ಮೆಸ್ಸಿನಲ್ಲಿ ಕೇಳಿ ನೋಡಿ. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೋ, ಎಂಸಿ ಬಿಜ್ಜು ಅಂತ ಒಂದೇ ಉಸಿರಿಗೆ ನಾಲ್ಕು ಹೆಸರು ಬರುತ್ತೆ. ಈಗ ಒಬ್ಬ ಹೆಣ್ಣುಮಗಳ ಹೆಸರು ಹೇಳಿ ಅನ್ನಿ. ತಟ್ಟೆ ಚಮಚದ ಸದ್ದು ಬಿಟ್ಟರೆ ಬೇರೇನೂ ಕೇಳಿಸಲ್ಲ.

ಹಾಗಂತ ಹುಡುಗಿಯರು ಬರೆಯೋದೇ ಇಲ್ಲವಾ? ಬರೀತಾರೆ. ಫೋನಿನ ನೋಟ್ಸ್ ಆ್ಯಪ್‌ನಲ್ಲಿ, ಲ್ಯಾಬ್ ರೆಕಾರ್ಡಿನ ಕೊನೇ ಪುಟದಲ್ಲಿ, ತುಮಕೂರು ದಾಟಿದ ಮೇಲೆ ಖಾಲಿಯಾಗೋ ಪ್ಯಾಸೆಂಜರ್ ರೈಲಿನ ಕಿಟಕಿ ಸೀಟಿನಲ್ಲಿ. ಪ್ರಶ್ನೆ ಇರೋದು ಬರೆದದ್ದಕ್ಕೂ ಸ್ಟೇಜಿಗೂ ನಡುವಿನ ದಾರಿಯ ಬಗ್ಗೆ. ಅಮ್ಮಸಂದ್ರ, ಬಾಣಸಂದ್ರ, ತುರುವೇಕೆರೆ ಕಡೆಯಿಂದ ಬಂದ ಹುಡುಗಿಯೊಬ್ಬಳು ನಾಳೆ "ನಾನು ರ್‍ಯಾಪ್ ಮಾಡ್ತೀನಿ" ಅಂದ್ರೆ ಆ ದಾರಿ ಹೇಗಿರುತ್ತೆ, ಎಷ್ಟು ವರ್ಷ ಹಿಡಿಯುತ್ತೆ, ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಜನ ಕೈಬಿಡ್ತಾರೆ? ಒಂದೊಂದಾಗಿ ನೋಡೋಣ.

ಅಂಡರ್‌ಗ್ರೌಂಡ್ ಅಂದ್ರೆ ಕದ್ದುಮುಚ್ಚಿ ಅಲ್ಲ

ದೊಡ್ಡ ಕಂಪನಿಯ ದುಡ್ಡು, ಸಿನಿಮಾದ ಆಸರೆ, ಟಿವಿಯ ಪ್ರಚಾರ ಯಾವುದೂ ಇಲ್ಲದೆ ಕಲಾವಿದರು ತಾವೇ ಬರೆದು, ತಾವೇ ರೆಕಾರ್ಡ್ ಮಾಡಿ, ತಾವೇ ಬಿಡುಗಡೆ ಮಾಡೋ ಹಂತಕ್ಕೆ ಅಂಡರ್‌ಗ್ರೌಂಡ್ ಅಂತಾರೆ. ಕೇಳುಗರು ಕಡಿಮೆ, ಆದರೆ ಕಿವಿಗೊಟ್ಟು ಕೇಳುವವರು. ಅಲ್ಲಿ ಪರೀಕ್ಷೆ ನಡೆಯೋದು ಸೈಫರ್‌ನಲ್ಲಿ. ಹತ್ತು ಜನ ಸುತ್ತ ನಿಂತು, ಒಬ್ಬರಾದ ಮೇಲೆ ಒಬ್ಬರು ಬೀಟಿಗೆ ಸಾಲು ಹಾಕುವ ಕೂಟ ಅದು. ಚೆನ್ನಾಗಿಲ್ಲ ಅಂದ್ರೆ ಮುಖ ನೋಡಿದರೇ ಗೊತ್ತಾಗುತ್ತೆ.

ನಮ್ಮ ಕಡೆಯವರಿಗೆ ಇದನ್ನ ಕೊಬ್ಬರಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತೆ. ತಿಪಟೂರು ಮಾರುಕಟ್ಟೆಗೆ ಹೋಗೋ ಉಂಡೆ ಕೊಬ್ಬರಿ ಬಿಸಿಲಲ್ಲಿ ಎರಡು ದಿನ ಒಣಗಿಸಿದರೆ ಆಗುವ ಮಾಲಲ್ಲ. ಬಲಿತ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಎಂಟು ತಿಂಗಳಿಂದ ಹೆಚ್ಚೂಕಡಿಮೆ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ಇಂಗಬೇಕು, ತಿರುಳು ಕರಟ ಬಿಡಬೇಕು. ಕಾಯಿ ಹಿಡಿದು ಅಲುಗಾಡಿಸಿದಾಗ ಒಳಗೆ ಲೊಟಲೊಟ ಅಂದ್ರೆ ಆಯ್ತು. ಅಲ್ಲಿವರೆಗೆ ಹೊರಗಿನಿಂದ ನೋಡಿದವರಿಗೆ ಏನೂ ನಡೀತಿಲ್ಲ ಅನ್ನಿಸುತ್ತೆ. ಅಂಡರ್‌ಗ್ರೌಂಡ್ ವರ್ಷಗಳೂ ಹಾಗೇ. ಆದರೆ ಒಂದು ವ್ಯತ್ಯಾಸ ಇದೆ: ಕಾಯಿಗೆ ಅಟ್ಟ ಇದ್ದೇ ಇರುತ್ತೆ, ಹುಡುಗಿಗೆ ಆ ಜಾಗ ಸಿಗೋದೇ ಕಷ್ಟ.

ಶುರುವಿನಿಂದಲೇ ಇದ್ದವರು

ಹಿಪ್-ಹಾಪ್ ಗಂಡಸರ ಆಟ, ಹೆಂಗಸರು ಆಮೇಲೆ ಬಂದರು ಅನ್ನೋದು ಸುಳ್ಳು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ ನಡೆದ ಪಾರ್ಟಿಯನ್ನ ಹಿಪ್-ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸ್ತಾರೆ. ಅಲ್ಲಿ ರೆಕಾರ್ಡ್ ತಿರುಗಿಸಿದ ಡಿಜೆ ಕೂಲ್ ಹರ್ಕ್ ಹೆಸರು ಎಲ್ಲರಿಗೂ ಗೊತ್ತು. ಆ ಪಾರ್ಟಿಯನ್ನ ಏರ್ಪಾಡು ಮಾಡಿದ್ದು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗೋ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು, ಅದಕ್ಕೆ ಟಿಕೆಟ್ ಇಟ್ಟಳು.

ಫಂಕಿ ಫೋರ್ ಪ್ಲಸ್ ಒನ್ ಅನ್ನೋ ಗುಂಪಿನಲ್ಲಿ ಆ 'ಪ್ಲಸ್ ಒನ್' ಯಾರು ಗೊತ್ತಾ? ಎಂಸಿ ಶಾ-ರಾಕ್ ಅನ್ನೋ ಹುಡುಗಿ. 1981ರ ಫೆಬ್ರವರಿಯಲ್ಲಿ ಆ ಗುಂಪು ಅಮೆರಿಕದ ರಾಷ್ಟ್ರೀಯ ಟಿವಿಯ 'ಸ್ಯಾಟರ್‌ಡೇ ನೈಟ್ ಲೈವ್'ನಲ್ಲಿ ಹಾಡಿತು. 1979ರಲ್ಲಿ ರ್‍ಯಾಪನ್ನ ಮೊದಲ ಬಾರಿ ದೊಡ್ಡ ಹಿಟ್ ಮಾಡಿದ ಶುಗರ್‌ಹಿಲ್ ಕಂಪನಿಯ ಹಿಂದೆ ಇದ್ದವರೂ ಒಬ್ಬ ಹೆಂಗಸೇ, ಸಿಲ್ವಿಯಾ ರಾಬಿನ್‌ಸನ್.

1984ರಲ್ಲಿ ರಾಕ್ಸ್ಯಾನ್ ಶಾಂಟೆಗೆ ಹದಿನಾಲ್ಕು ವರ್ಷ. ಯುಟಿಎಫ್‌ಓ ಅನ್ನೋ ಗಂಡುಹುಡುಗರ ಗುಂಪು ತಮ್ಮನ್ನ ಕ್ಯಾರೇ ಅನ್ನದ ಹುಡುಗಿಯ ಮೇಲೆ ಹಾಡು ಕಟ್ಟಿತ್ತು. ಅದಕ್ಕೆ ಈ ಹುಡುಗಿ ಎದುರುತ್ತರ ಕೊಟ್ಟು ಒಂದು ಹಾಡು ರೆಕಾರ್ಡ್ ಮಾಡಿದಳು. ಅದರ ಹಿಂದೆ ಉತ್ತರಕ್ಕೆ ಉತ್ತರ ಅಂತ ಹತ್ತಾರು ಹಾಡು ಬಂದವು. ಆದರೂ ಇಪ್ಪತ್ತೈದರ ಹೊತ್ತಿಗೆ ಆಕೆ ಸಂಗೀತದಿಂದ ಹೆಚ್ಚೂಕಡಿಮೆ ದೂರ ಸರಿದಾಗಿತ್ತು. ಗ್ರ್ಯಾಮಿ ಸಂಸ್ಥೆ ಆಕೆಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿದ್ದು 2025ರಲ್ಲಿ, ಅಂದ್ರೆ ಆ ಹಾಡು ಬಂದು ನಲವತ್ತು ವರ್ಷವಾದ ಮೇಲೆ. ಹೆಸರು ಬೇಗ ಬರಬಹುದು, ಬದುಕು ಅದರ ಜೊತೆಗೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಸ್ನೋ ಹಿಲ್‌ನ ಹುಡುಗಿ, ಕಾಲೇಜಿನ ಕ್ಲಬ್

ನಮಗೆ ತೀರಾ ಹತ್ತಿರದ ಕಥೆ ಅಂದ್ರೆ ರ್‍ಯಾಪ್ಸಡಿಯದು. ನಿಜ ಹೆಸರು ಮಾರ್ಲಾನಾ ಇವಾನ್ಸ್. ಊರು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಸ್ನೋ ಹಿಲ್. ಎರಡು ಸಾವಿರ ಜನವೂ ಇಲ್ಲದ, ಸುತ್ತ ಹೊಗೆಸೊಪ್ಪಿನ ಹೊಲಗಳಿರೋ ಸಣ್ಣ ಊರು. ದೊಡ್ಡ ಊರಾದ ರ್‍ಯಾಲಿಗೆ ನೂರು ಚಿಲ್ಲರೆ ಕಿಲೋಮೀಟರ್. ಅಮ್ಮಸಂದ್ರದಿಂದ ಬೆಂಗಳೂರಿಗೆ ಇದ್ದಷ್ಟೇ ಅಂತ ಇಟ್ಕೊಳ್ಳಿ.

ಆಕೆ ಓದೋಕೆ ಹೋಗಿದ್ದು ರ್‍ಯಾಲಿಯಲ್ಲಿರೋ, ಎಂಜಿನಿಯರಿಂಗಿಗೆ ಹೆಸರಾದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಗೆ. ಅಲ್ಲಿ ವಿದ್ಯಾರ್ಥಿಗಳದೇ ಒಂದು ಹಿಪ್-ಹಾಪ್ ಸಂಘ ಇತ್ತು. ಆ ಗೆಳೆಯರ ಬಳಗದಿಂದ ಕೂಲಿ ಹೈ ಅನ್ನೋ ಗುಂಪು ಹುಟ್ಟಿತು, ಅದರಲ್ಲಿ ಈಕೆ ಒಬ್ಬಳು. ಅಂದ್ರೆ ಇವತ್ತು ನೀವು ಓದ್ತಿರೋ ಈ ಪತ್ರಿಕೆಯ ಸಂಘದ ಹಾಗಿನ ಒಂದು ಕಾಲೇಜು ಕ್ಲಬ್ಬೇ ಆಕೆಯ ಅಟ್ಟ.

ಆಮೇಲಿನ ವರ್ಷಗಳನ್ನ ನೋಡಿ. 2008ರ ಸುಮಾರಿಗೆ ಅದೇ ರಾಜ್ಯದ ಪ್ರೊಡ್ಯೂಸರ್ ನೈನ್ತ್ ವಂಡರ್ ಅವರ ಸಣ್ಣ ಲೇಬಲ್ ಸೇರಿದಳು. 2010ರಲ್ಲಿ ಮೊದಲ ಮಿಕ್ಸ್‌ಟೇಪ್. 2012ರಲ್ಲಿ ಮೊದಲ ಪೂರ್ಣ ಆಲ್ಬಂ, 2013ರಲ್ಲಿ ಇನ್ನೊಂದು ಮಿಕ್ಸ್‌ಟೇಪ್. 2015ರಲ್ಲಿ ಕೆಂಡ್ರಿಕ್ ಲಮಾರ್ ತನ್ನ 'ಟು ಪಿಂಪ್ ಎ ಬಟರ್‌ಫ್ಲೈ' ಆಲ್ಬಂನ ಒಂದು ಹಾಡಿನಲ್ಲಿ ಆಕೆಗೆ ಒಂದು ಭಾಗ ಕೊಟ್ಟ. ಜಗತ್ತು ತಿರುಗಿ ನೋಡಿದ್ದು ಆಗ. 2016ರಲ್ಲಿ ದೊಡ್ಡ ಕಂಪನಿ ರಾಕ್ ನೇಷನ್ ಜೊತೆ ಒಪ್ಪಂದ. 2017ರಲ್ಲಿ 'ಲೈಲಾಸ್ ವಿಸ್ಡಂ' ಬಂತು. ಲೈಲಾ ಅಂದ್ರೆ ಆಕೆಯ ಅಜ್ಜಿ. ಆ ಸಲದ ಗ್ರ್ಯಾಮಿಯ ಅತ್ಯುತ್ತಮ ರ್‍ಯಾಪ್ ಆಲ್ಬಂ ಪಟ್ಟಿಯಲ್ಲಿ ಜೇ-ಝಿ, ಕೆಂಡ್ರಿಕ್, ಮೀಗೋಸ್, ಟೈಲರ್ ಇದ್ದರು, ಐದನೆಯವಳು ಇವಳು. ಪ್ರಶಸ್ತಿ ಕೆಂಡ್ರಿಕ್‌ಗೆ ಹೋಯಿತು. 2019ರ 'ಈವ್' ಆಲ್ಬಂನಲ್ಲಿ ಪ್ರತಿ ಹಾಡಿಗೂ ಒಬ್ಬ ಕಪ್ಪು ಮಹಿಳೆಯ ಹೆಸರಿಟ್ಟಳು: ನೀನಾ, ಸೆರೀನಾ, ಮಾಯಾ, ಹೀಗೆ. 2025ರಲ್ಲಿ ಎರಿಕಾ ಬಾಡು ಜೊತೆಗಿನ ಹಾಡಿಗೆ ಕೊನೆಗೂ ಗ್ರ್ಯಾಮಿ ಬಂತು.

2008ರಿಂದ 2025. ಹದಿನೇಳು ವರ್ಷ. ನಾಲ್ಕು ವರ್ಷದ ಡಿಗ್ರಿಯನ್ನ ನಾಲ್ಕು ಸಲ ಮುಗಿಸಿ ಮೇಲೊಂದು ವರ್ಷ.

ಎಲ್ಲರ ದಾರಿಯೂ ಗ್ರ್ಯಾಮಿಗೇ ಹೋಗಬೇಕಾಗಿಲ್ಲ. ಫಿಲಡೆಲ್ಫಿಯಾದ ಬಹಮಾದಿಯಾ ಮೊದಲು ಡಿಜೆ ಆಗಿದ್ದವರು. 1996ರಲ್ಲಿ 'ಕೊಲಾಜ್' ಅನ್ನೋ ಆಲ್ಬಂ ದೊಡ್ಡ ಕಂಪನಿಯಿಂದಲೇ ಬಂತು, ವಿಮರ್ಶಕರು ಮೆಚ್ಚಿದರು. ಆಮೇಲೆ ಅವರು ಸಣ್ಣ ಲೇಬಲ್‌ಗಳ ಕಡೆ ಬಂದರು, 2000ದಲ್ಲಿ ಒಂದು ಇಪಿ ಬಿಟ್ಟರು, ಮುಂದೆ ಸ್ವಂತವಾಗಿ ಹಾಡು ತಂದರು, ರೇಡಿಯೋ ಕಾರ್ಯಕ್ರಮ ನಡೆಸಿದರು. ಕೂಗಾಡದೆ, ಮಾತಾಡಿದ ಹಾಗೆ ತಣ್ಣಗೆ ರ್‍ಯಾಪ್ ಮಾಡೋ ಅವರ ಶೈಲಿಯನ್ನ ಬಲ್ಲವರು ಈಗಲೂ ಹುಡುಕಿ ಕೇಳ್ತಾರೆ. ಇದೂ ಒಂದು ಪೂರ್ತಿ ಕರಿಯರ್ರೇ.

ನಮ್ಮ ದೇಶದಲ್ಲಿ

ಬೆಂಗಳೂರಿನ ಸಿರಿ ನಾರಾಯಣ್ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ರ್‍ಯಾಪ್ ಮಾಡ್ತಾರೆ. ಮೆಸ್ಸಿನ ಆ ಪ್ರಶ್ನೆಗೆ ಮುಂದಿನ ಸಲ ಉತ್ತರ ನೆನಪಿರಲಿ. ಮುಂಬೈನ ದೀಪಾ ಉನ್ನಿಕೃಷ್ಣನ್ 'ಡೀ ಎಂಸಿ' ಹೆಸರಲ್ಲಿ ಸೈಫರ್‌ಗಳಿಂದ ಬೆಳೆದವರು, 2019ರ 'ಗಲ್ಲಿ ಬಾಯ್' ಚಿತ್ರದಲ್ಲೂ ಕಾಣಿಸಿಕೊಂಡರು. ಶಿಲ್ಲಾಂಗಿನ ಮೇಬಾ ಒಫೀಲಿಯಾ 2018ರಲ್ಲಿ ಎಂಟಿವಿ ಯುರೋಪ್ ಸಂಗೀತ ಪ್ರಶಸ್ತಿಗಳಲ್ಲಿ ಭಾರತದ ಅತ್ಯುತ್ತಮ ಕಲಾವಿದರ ವಿಭಾಗವನ್ನ ಗೆದ್ದರು.

ಚೆನ್ನೈನ ಸೋಫಿಯಾ ಅಶ್ರಫ್ ಕಥೆಯನ್ನ ಎಂಜಿನಿಯರಿಂಗ್ ಓದುವವರು ತಿಳಿದಿರಲೇಬೇಕು. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಸುತ್ತಲಿನ ಮಣ್ಣು ಸೇರಿ, ಕಾರ್ಖಾನೆ 2001ರಲ್ಲಿ ಮುಚ್ಚಿತ್ತು. ಕಾರ್ಮಿಕರ ಹೋರಾಟ ಹದಿನಾಲ್ಕು ವರ್ಷ ಎಳೆದಿತ್ತು. 2015ರಲ್ಲಿ ಸೋಫಿಯಾ 'ಕೊಡೈಕೆನಾಲ್ ವೋಂಟ್' ಅನ್ನೋ ರ್‍ಯಾಪ್ ವಿಡಿಯೋ ಬಿಟ್ಟರು. ಲಕ್ಷಾಂತರ ಜನ ನೋಡಿದರು. 2016ರ ಮಾರ್ಚಿನಲ್ಲಿ ಕಂಪನಿ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂತು. ಹಾಡೊಂದರಿಂದಲೇ ಅದು ಆಯ್ತು ಅಂತಲ್ಲ, ಹಿಂದೆ ವರ್ಷಗಟ್ಟಲೆ ಕಾರ್ಮಿಕರು ನಡೆದಾಡಿದ ಕೋರ್ಟು, ಕಚೇರಿ ಇದ್ದವು. ಆದರೆ ಆ ದನಿಯನ್ನ ದೂರಕ್ಕೆ ಮುಟ್ಟಿಸಿದ್ದು ಆ ಹಾಡು. ಸಿಮೆಂಟ್ ಫ್ಯಾಕ್ಟರಿಯ ಸೈರನ್ ಕೇಳುತ್ತಾ ಬೆಳೆದ ಅಮ್ಮಸಂದ್ರದ ಮಕ್ಕಳಿಗೆ ಊರು, ಕಾರ್ಖಾನೆ, ಕೆಲಸ, ಧೂಳು ಇವೆಲ್ಲ ಬರೆಯೋ ವಸ್ತುವೇ ಅಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೂ ಹಿಂದಕ್ಕೆ ಹೋದರೆ, ರಾಗಿ ಬೀಸುತ್ತಾ ನಮ್ಮ ಅಜ್ಜಿಯರು ಹಾಡಿದ ಪದಗಳಿವೆ. ಕಲ್ಲಿನ ತಿರುಗಾಟವೇ ಬೀಟು. ತವರು, ಅತ್ತೆ, ಸಾಲ, ಹಸಿವು ಎಲ್ಲವನ್ನೂ ಅದರ ಮೇಲೆ ಹಾಡಿದರು. ಕೇಳಿದವರು ಪಕ್ಕದಲ್ಲಿ ಬೀಸುತ್ತಿದ್ದ ಇನ್ನೊಬ್ಬ ಹೆಂಗಸು ಮಾತ್ರ. ಕಟ್ಟಿದವರ ಹೆಸರು ಉಳಿದಿಲ್ಲ. ಹೆಸರು ಉಳಿಸ್ಕೊಂಡವರೂ ಇದ್ದಾರೆ: ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಎಲ್ಲ ಪಾತ್ರವನ್ನೂ ಹೆಂಗಸರಿಂದಲೇ ಮಾಡಿಸಿ, ತಾವೇ ಕಂಸ, ರಾವಣರಾಗಿ ಅಬ್ಬರಿಸಿದರು. 2012ರಲ್ಲಿ ಪದ್ಮಶ್ರೀ ಬಂತು. ಜಾಗ ಕೊಡದಿದ್ದಾಗ ಕಂಪನಿಯನ್ನೇ ಕಟ್ಟಿದವರು ಅವರು.

ಕನ್ನಡದ ಲೆಕ್ಕ: ರಗಳೆ ಮತ್ತು ಬೀಟು

"ಕನ್ನಡದಲ್ಲಿ ಫ್ಲೋ ಬರಲ್ಲ ಮಗಾ" ಅನ್ನೋ ಮಾತು ಕೇಳಿರ್ತೀರಿ. ಲೆಕ್ಕ ಹಾಕಿ ನೋಡೋಣ.

ಒಂದು ಬೀಟಿನ ವೇಗ ನಿಮಿಷಕ್ಕೆ 90 ಅಂತ ಇಟ್ಕೊಳ್ಳಿ. ಒಂದು ಬೀಟಿಗೆ 60/90, ಅಂದ್ರೆ 0.67 ಸೆಕೆಂಡ್. ನಾಲ್ಕು ಬೀಟು ಸೇರಿ ಒಂದು ಬಾರ್, 2.67 ಸೆಕೆಂಡ್. ರ್‍ಯಾಪಿನಲ್ಲಿ ಒಂದು ಚರಣ ಸಾಮಾನ್ಯವಾಗಿ 16 ಬಾರ್, ಸುಮಾರು 43 ಸೆಕೆಂಡ್. ಪ್ರತಿ ಬೀಟನ್ನ ನಾಲ್ಕು ಭಾಗ ಮಾಡಿದರೆ ಒಂದು ಬಾರಿನಲ್ಲಿ 16 ಮನೆ.

ಈಗ ಪಿಯುಸಿ ಕನ್ನಡ ನೆನಪು ಮಾಡ್ಕೊಳ್ಳಿ. ಮಂದಾನಿಲ ರಗಳೆಯ ಒಂದು ಸಾಲಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ಒಂದು ಮಾತ್ರೆಗೆ ಒಂದು ಮನೆ ಕೊಟ್ಟರೆ ಒಂದು ಸಾಲು ಒಂದು ಬಾರಿನೊಳಗೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತೆ. ಈ ಲೇಖನಕ್ಕಂತಲೇ ಕಟ್ಟಿದ ಎರಡು ಸಾಲು ನೋಡಿ:

ಅಟ್ಟದ | ಮೇಲಿನ | ಕಾಯಿಗೆ | ಗೊತ್ತು
ಕಟ್ಟಿದ | ಕತ್ತಲೆ | ನುಂಗಿದ | ಹೊತ್ತು

ಪ್ರತಿ ಗೆರೆಯ ನಡುವೆ ನಾಲ್ಕು ಮಾತ್ರೆ. ಕೊನೆಯ ಗಣದಲ್ಲಿ ಮೂರೇ ಇವೆ, ಉಳಿದ ಒಂದು ಉಸಿರಿಗೆ. ಸಾಲಿನ ಕೊನೆಯಲ್ಲಿ 'ತ್ತು' ಅಂತ್ಯಪ್ರಾಸ, ಎರಡನೇ ಅಕ್ಷರದಲ್ಲಿ 'ಟ್ಟ', 'ಟ್ಟಿ' ಆದಿಪ್ರಾಸ. ಇಂಗ್ಲಿಷ್ ರ್‍ಯಾಪಿನಲ್ಲಿ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಗೆ, ನಡುವೆ ಬರುತ್ತೆ. ಕನ್ನಡಕ್ಕೆ ಸಾಲಿನ ಶುರುವಲ್ಲೇ ಹೊಡೆಯೋ ಈ ಆಯುಧ ನೂರಾರು ವರ್ಷದಿಂದ ಕೈಯಲ್ಲಿದೆ.

ಟ್ರ್ಯಾಪ್ ಹಾಡುಗಳಲ್ಲಿ ಬೀಟಿಗೆ ಮೂರು ಮೂರು ಅಕ್ಷರ ಉದುರಿಸೋ ಟ್ರಿಪ್ಲೆಟ್ ಫ್ಲೋ ಕೇಳಿದ್ದೀರಲ್ಲ? ಮೂರು ಮಾತ್ರೆಯ ನಾಲ್ಕು ಗಣ. ಅದು ಉತ್ಸಾಹ ರಗಳೆಯ ಲೆಕ್ಕ.

ಕನ್ನಡದಲ್ಲಿ ಒಂದು ತೊಡಕೂ ಇದೆ. ಕ್ರಿಯಾಪದ ಸಾಲಿನ ಕೊನೆಗೆ ಬರೋದರಿಂದ "ಬಂದೆ, ನಿಂದೆ, ಅಂದೆ" ಅಂತ ಪ್ರಾಸ ತಾನಾಗೇ ಸಿಗುತ್ತೆ. ಸುಲಭವಾಗಿ ಸಿಕ್ಕಿದ್ದು ಹತ್ತು ಸಾಲಲ್ಲಿ ಸಪ್ಪೆ ಆಗುತ್ತೆ. ಕ್ರಿಯಾಪದವನ್ನ ನಡುವೆ ತಂದು ನಾಮಪದಕ್ಕೆ ಪ್ರಾಸ ಹಾಕೋದು ಅಭ್ಯಾಸದಿಂದ ಬರೋ ಕಸುಬು. "ಬತ್ತೀನಿ, ಓಗ್ಲಾ" ಅನ್ನೋ ನಮ್ಮ ಕಡೆಯ ಮಾತಿಗೆ ನಾಚಿಕೆ ಬೇಡ. ಮಾತ್ರೆ ಕಡಿಮೆ, ಪೆಟ್ಟು ಜೋರು.

ದುಡ್ಡಿನ ಲೆಕ್ಕ

ಮೊದಲ ಖರ್ಚು ಕಡಿಮೆ. ಒಂದು ಸಾಧಾರಣ ಮೈಕು, ಲ್ಯಾಪ್‌ಟಾಪು, ಬಟ್ಟೆ ತುಂಬಿದ ಬೀರು, ರಗ್ಗು. ಬಟ್ಟೆ, ಹಾಸಿಗೆ ಪ್ರತಿಧ್ವನಿಯನ್ನ ಹೀರ್ತವೆ, ಹಾಸ್ಟೆಲ್ ರೂಮಿನ ಮೂಲೆ ಸ್ಟುಡಿಯೋ ಆಗುತ್ತೆ. ಸ್ಯಾಂಪ್ಲಿಂಗ್ 44.1 ಕಿಲೋಹರ್ಟ್ಸ್ ಯಾಕೆ ಅಂತ ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಗೊತ್ತು.

ವರಮಾನ ಮಾತ್ರ ನಿಧಾನ. ಯೂಟ್ಯೂಬ್‌ನಲ್ಲಿ ಮಾಮೂಲಿ ವಿಡಿಯೋಗೆ ಜಾಹೀರಾತಿನ ಪಾಲು ಬೇಕು ಅಂದ್ರೆ 1,000 ಸಬ್‌ಸ್ಕ್ರೈಬರ್ ಮತ್ತು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಂಡ ಹಾಡಿಗೆ ಮಾತ್ರ ರಾಯಲ್ಟಿ ಲೆಕ್ಕ ಹಾಕುತ್ತೆ. ಆದ್ದರಿಂದ ಅಂಡರ್‌ಗ್ರೌಂಡ್ ಕಲಾವಿದರ ಊಟದ ದುಡ್ಡು ಹೆಚ್ಚಾಗಿ ಬರೋದು ಕಾರ್ಯಕ್ರಮ, ಜಾಹೀರಾತಿಗೆ ಬರೆಯೋದು, ಸಿನಿಮಾಕ್ಕೆ ಒಂದು ಚರಣ, ವರ್ಕ್‌ಶಾಪ್ ಇಂಥವುಗಳಿಂದ. ಬಹಳಷ್ಟು ಜನ ಪಕ್ಕದಲ್ಲಿ ಕೆಲಸ ಇಟ್ಕೊಂಡೇ ಹಾಡ್ತಾರೆ. ಎಂಜಿನಿಯರಿಂಗ್ ಡಿಗ್ರಿ ಆಗ ಶತ್ರು ಅಲ್ಲ, ಬಾಡಿಗೆ ಕಟ್ಟೋ ಗೆಳೆಯ.

ಎರಡು ವಿಷಯದಲ್ಲಿ ಹುಷಾರು. ಒಂದು, ನೆಟ್‌ನಲ್ಲಿ ಸಿಗೋ ಬೀಟಿಗೆ 'ಫ್ರೀ' ಅಂತ ಬರೆದಿದ್ದರೂ ಅದರ ಲೈಸೆನ್ಸ್ ಓದಿ. ಸುಮಾರು ಬೀಟುಗಳು ಅಭ್ಯಾಸಕ್ಕೆ ಮಾತ್ರ ಪುಕ್ಕಟೆ, ದುಡ್ಡು ಮಾಡೋಕೆ ಲೀಸ್ ಕೊಳ್ಳಬೇಕು. ಎರಡು, ಸಹಿ ಹಾಕೋ ಮುಂಚೆ ಹಕ್ಕು ತಿಳ್ಕೊಳ್ಳಿ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ, ಹಾಡು ಬರೆದವರಿಗೆ ಬರಬೇಕಾದ ರಾಯಲ್ಟಿ ಪಾಲನ್ನ ಕಂಪನಿಗೆ ಬರೆದುಕೊಟ್ಟರೂ ಆ ಹಕ್ಕು ಹೋಗಲ್ಲ. ಅದನ್ನ ವಸೂಲಿ ಮಾಡಿ ಹಂಚೋಕೆ ಐಪಿಆರ್‌ಎಸ್ ಅನ್ನೋ ಸಂಸ್ಥೆ ಇದೆ. ಹಾಡು ಬಿಡೋ ದಿನವೇ ಬರೆದವರು ಯಾರು, ಬೀಟ್ ಯಾರದು, ಯಾರಿಗೆ ಎಷ್ಟು ಶೇಕಡಾ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗೆಳೆತನ ಉಳಿಯೋದೂ ಅದರಿಂದಲೇ.

ದಾರಿ ಎಲ್ಲಿ ಕಡಿಯುತ್ತೆ?

ಪ್ರತಿಭೆ ಇಲ್ಲದೆ ನಿಲ್ಲಿಸಿದ ಹುಡುಗಿಯರಿಗಿಂತ ಗಡಿಯಾರದಿಂದ ನಿಲ್ಲಿಸಿದವರು ಜಾಸ್ತಿ ಇರಬೇಕು. ಓಪನ್ ಮೈಕ್ ಶುರುವಾಗೋದು ರಾತ್ರಿ ಎಂಟಕ್ಕೆ. ಹುಡುಗಿಯರ ಹಾಸ್ಟೆಲ್ ಗೇಟು ಅಷ್ಟೊತ್ತಿಗೆ ಹಾಕಿರುತ್ತೆ. ಹುಡುಗರು ಕ್ಯಾಂಟೀನ್ ಹಿಂದೆ ಹನ್ನೊಂದರವರೆಗೆ ಸೈಫರ್ ಮಾಡಿ ವಾರಕ್ಕೆ ಹತ್ತು ಗಂಟೆ ಅಭ್ಯಾಸ ಮಾಡ್ತಾರೆ, ಅದೇ ಬ್ಯಾಚಿನ ಹುಡುಗಿ ರೂಮ್‌ಮೇಟ್ ಮಲಗಿದ ಮೇಲೆ ರಗ್ಗಿನೊಳಗೆ ಪಿಸುಗುಟ್ಟಿ ಅಭ್ಯಾಸ ಮಾಡ್ತಾಳೆ. ಮೂರು ವರ್ಷ ಕಳೆದರೆ ಇಬ್ಬರ ದನಿಯಲ್ಲೂ ಎಷ್ಟು ವ್ಯತ್ಯಾಸ ಇರುತ್ತೆ ಅಂತ ಯೋಚಿಸಿ. ಆಮೇಲೆ ನಾವೇ "ಹುಡುಗೀರಿಗೆ ಪವರ್ ಇರಲ್ಲ" ಅಂತೀವಿ.

ಮನೆಯ ಮಾತು ಇನ್ನೊಂದು. "ಕೊಬ್ಬರಿ ರೇಟ್ ಬಿದ್ದೈತೆ, ಫೀಸು ಹೊಂಚೋದೇ ಕಷ್ಟ, ಇವಳಿಗೆ ಹಾಡು" ಅನ್ನೋ ಅಪ್ಪನ ಮಾತಿನಲ್ಲಿ ಸಿಟ್ಟಿಗಿಂತ ಭಯ ಹೆಚ್ಚು. ವಿಡಿಯೋ ಕೆಳಗೆ ಯಾರೋ ಬರೆದ ಹೊಲಸು ಮಾತನ್ನ ಊರಿನ ಚಿಕ್ಕಪ್ಪ ಓದಿ ಮನೆಗೆ ಮುಟ್ಟಿಸ್ತಾರೆ. ಹುಡುಗನಿಗೂ ಬೈತಾರೆ, ಆದರೆ ಅವನಿಗೆ ಬೈದದ್ದು ಅವನ ಹಾಡಿಗೆ. ಇವಳಿಗೆ ಬೈದದ್ದು ಇವಳ ನಡತೆಗೆ. ಈ ಭಾರವನ್ನ ಒಬ್ಬಳೇ ಹೊರು ಅನ್ನೋದು ನ್ಯಾಯ ಅಲ್ಲ.

ಹಾಗಾದ್ರೆ ನಾವು ಮಾಡಬಹುದಾದ್ದು ಏನು? ದೊಡ್ಡ ಘೋಷಣೆ ಬೇಡ. ಸೈಫರನ್ನ ಸಂಜೆ ನಾಲ್ಕೂವರೆಗೆ ಇಡೋಣ, ಕ್ಲಾಸು ಬಿಟ್ಟ ಕೂಡಲೇ, ಬೆಳಕಿರುವಾಗ, ಸೆಮಿನಾರ್ ಹಾಲ್ ಪಕ್ಕದ ಮೆಟ್ಟಿಲ ಮೇಲೆ. ಸಂಘದ ಹತ್ತಿರ ಇರೋ ಮೈಕನ್ನ ಫೆಸ್ಟ್ ಮುಗಿದ ಮೇಲೆ ಬೀರುವಿನಲ್ಲಿ ಬೀಗ ಹಾಕಿಡದೆ, ಲೈಬ್ರರಿ ಪುಸ್ತಕದ ಹಾಗೆ ರಿಜಿಸ್ಟರಿನಲ್ಲಿ ಬರೆದು ಎರವಲು ಕೊಡೋಣ. ಹುಡುಗಿಯರ ಹಾಸ್ಟೆಲ್‌ಗೂ ಒಂದು ಹೋಗಲಿ. ಯಾರಾದರೂ ಸಾಲು ತಪ್ಪಿದಾಗ ನಗದೆ ಬೀಟನ್ನ ಮತ್ತೆ ಶುರುವಿಂದ ಹಾಕೋಣ. ಸ್ನೋ ಹಿಲ್‌ನ ಹುಡುಗಿಗೆ ಕಾಲೇಜು ಕ್ಲಬ್ ಕೊಟ್ಟಿದ್ದು ಇಷ್ಟೇ: ವಾರಕ್ಕೊಮ್ಮೆ ಸೇರೋ ಗೆಳೆಯರು, ತಪ್ಪು ಮಾಡೋಕೆ ಒಂದು ಜಾಗ.

ನೋಟ್ಸ್ ಆ್ಯಪ್‌ನಲ್ಲಿ ಹದಿನಾರು ಸಾಲು ಬರೆದಿಟ್ಟಿರೋ ತಂಗಿಗೆ ಒಂದು ಮಾತು. ಒಂದು ಬೀಟ್ ಹಾಕ್ಕೊಂಡು, 43 ಸೆಕೆಂಡ್, ಜೋರಾಗಿ ಓದು. ಎಲ್ಲಿ ಉಸಿರು ಸಾಲಲ್ವೋ ಅಲ್ಲಿ ಒಂದು ಮಾತ್ರೆ ಕಡಿಮೆ ಮಾಡು. ಆಮೇಲೆ ಮೆಟ್ಟಿಲ ಹತ್ತಿರ ಬಾ. ಬುಧವಾರ, ನಾಲ್ಕೂವರೆಗೆ.